ಅರ್ಧ ಕಡ್ಡಿ

ಉಳಿತಾಯ ಎಂಬ ಮಾತು ಕಿವಿಗೆ ಬಿದ್ದರೆ ಅವಳು ಮೊದಲೆಲ್ಲ ಕಹಿ ಔಷಧಿ ಕುಡಿದವಳ ಹಾಗೆ ಮುಖ ಮಾಡುತ್ತಿದ್ದಳು. ಹೊಲಿಗೆ ಅಂಗಡಿಯಲ್ಲಿ ಪೀಸಿಗಿಷ್ಟು ಎಂದು ದುಡಿಯುವವಳು. ವಾರದ ಬಟವಾಡೆ ಕೈಗೆ ಬಂದ ಸಂಜೆಯೇ ಅದಕ್ಕೆ ರೆಕ್ಕೆ ಮೂಡುತ್ತಿತ್ತು. ತಲೆಗೊಂದು ಕ್ಲಿಪ್ಪು, ಒಂದು ಪೊಟ್ಟಣ ಬಿಸ್ಕತ್ತು, ಬೇಡದಿದ್ದರೂ ಚೆಂದ ಕಂಡಿತೆಂದು ಒಂದು ಗಾಜಿನ ಲೋಟ. ಇಂಥವಳಿಗೆ ಕೂಡಿಡುವ ರುಚಿ ಹತ್ತಿಸಿದವನು ಅವಳ ಗಂಡ. ಮುಂದೆ ಅವನನ್ನು ಚೆನ್ನಾಗಿ ಬೈಯಲಿಕ್ಕಿದೆ, ಆದ್ದರಿಂದ ಅವನಿಗೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡೋಣ.

ಗಂಡ ವೆಲ್ಡಿಂಗ್ ಕೆಲಸದವನು. ಒಬ್ಬಳು ಬಟ್ಟೆ ಕೂಡಿಸುವವಳು, ಒಬ್ಬ ಕಬ್ಬಿಣ ಕೂಡಿಸುವವನು. ದುಡ್ಡು ಕೂಡಿಸುವುದು ಮಾತ್ರ ಇಬ್ಬರಿಗೂ ಬರುತ್ತಿರಲಿಲ್ಲ. ಒಂದು ಸಂಜೆ ಅವನು ದಪ್ಪ ತಗಡಿನ ಡಬ್ಬಿಯೊಂದನ್ನು ತಂದು ಊಟದ ಮೇಜಿನ ಮೇಲಿಟ್ಟ. ಎಲ್ಲ ಅಂಚಿಗೂ ಬೆಸುಗೆ. ಮುಚ್ಚಳವಿಲ್ಲ, ಬೀಗವಿಲ್ಲ, ಮೇಲೊಂದು ಸೀಳು ಅಷ್ಟೇ.

"ಇದನ್ನ ತೆಗೆಯೋದು ಹೇಗ್ರೀ?"

"ತೆಗೆಯೋಕೆ ಮಾಡಿರೋದಲ್ಲ ಕಣೇ. ತುಂಬಿದ ಮೇಲೆ ನಾನೇ ಕತ್ತರಿಸ್ತೀನಿ. ಒಳಗಿಂದ ನಿನ್ನ ಮೆಷಿನ್ನು ಹೊರಗೆ ಬರುತ್ತೆ, ನೋಡ್ತಿರು."

ಸ್ವಂತದ್ದೊಂದು ಹೊಲಿಗೆ ಮೆಷಿನ್ನು. ಇನ್ನೊಬ್ಬರ ಅಂಗಡಿಯಲ್ಲಿ ಬೆನ್ನು ಬಗ್ಗಿಸುವ ಬದಲು ತನ್ನ ಕಿಟಕಿಯ ಪಕ್ಕ ಕೂತು ತನ್ನ ಗಿರಾಕಿಗಳಿಗೆ ಹೊಲಿಯಬೇಕು. ಅವಳಿಗಿದ್ದ ಆಸೆ ಇದೊಂದೇ, ಅದು ಅವನಿಗೆ ಗೊತ್ತಿತ್ತು.

ಅವನು ಹೂಡಿದ ಆಟ ಹೀಗೆ. ಕೊಳ್ಳಬೇಕು ಅನ್ನಿಸಿದ್ದನ್ನು ಕೊಳ್ಳದೆ ಮನೆಗೆ ಬಂದರೆ, ಆ ವಸ್ತುವಿನ ಹೆಸರನ್ನು ಚೀಟಿಯಲ್ಲಿ ಬರೆದು, ಅದರ ಬೆಲೆಯ ನೋಟನ್ನು ಅದರೊಳಗೆ ಮಡಿಸಿ ಡಬ್ಬಿಗೆ ಹಾಕಬೇಕು. ಬರೀ ಹಾಕಿದರೆ ಸಾಲದು, ಕೊಳ್ಳದ ಕತೆಯನ್ನೂ ಹೇಳಬೇಕು. ದಿನಾ ಸಂಜೆ ತಟ್ಟೆ ಮುಂದಿಟ್ಟುಕೊಂಡು ಒಬ್ಬರು ಕೇಳುವುದು: "ಇವತ್ತು ಏನು ಕೊಳ್ಳಲಿಲ್ಲ?"

ಕತೆ ಕಟ್ಟುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೂಟಿನ ಕತೆಯನ್ನಂತೂ ಅವಳು ಎಷ್ಟು ಸಲ ಹೇಳಿಸಿದ್ದಳೋ. ಅಂಗಡಿಯವನು ಒಂದು ಕಾಲಿಗೆ ಬೂಟು ತೊಡಿಸಿ ಲೇಸನ್ನೂ ಕಟ್ಟಿಬಿಟ್ಟಿದ್ದನಂತೆ. ಕಂದು ಬಣ್ಣ, ಹಿತ್ತಾಳೆಯ ಕೊಕ್ಕೆ. "ನಾನು ಕಾಲು ಎಳಕೊಂಡೆ ಕಣೇ. ಆ ಬೂಟು, ಯಜಮಾನ್ರೇ ನನ್ನ ಬಿಟ್ಟು ಹೋಗಬೇಡೀಂತ ಕಾಲು ಹಿಡಕೊಂಡು ಅತ್ತಿತು!" ಎಂದು ಅವನು ಹಳೆಯ ಬೂಟಿನ ಬಾಯಿಬಿಟ್ಟ ಅಟ್ಟೆಯನ್ನು ಕುಣಿಸಿ ತೋರಿಸಿದಾಗ ಅವಳಿಗೆ ತುತ್ತು ನೆತ್ತಿಗೇರಿತ್ತು.

ಮೂರು ತಿಂಗಳಿಗೆ ಅವಳಿಗೆ ಹಠ ಹುಟ್ಟಿತು, ಆರು ತಿಂಗಳಿಗೆ ಅದರಲ್ಲೇ ಸುಖ ಸಿಕ್ಕಿತು. ಬಸ್ಸು ಬಿಟ್ಟು ನಡೆದಳು. ನಡೆದರೆ ದಾರಿಯ ಕಿಟಕಿಗಳ ಪರದೆಯ ಹೊಲಿಗೆಯನ್ನೆಲ್ಲ ನೋಡಬಹುದಿತ್ತು. ಸವೆದ ಕಾಲರನ್ನು ಬಿಚ್ಚಿ ಮಗುಚಿ ಹೊಲಿದಳು. ಮುರಿದ ಕೊಡೆಯ ಬಟ್ಟೆಯಿಂದ ಮಾಡಿದ ಚೀಲದಲ್ಲಿ ನೀರು ಸೋರುವುದಿಲ್ಲ ಎಂದು ಸುರಿದು ತೋರಿಸಿದಳು. ಏನನ್ನೂ ಕೊಳ್ಳದೆ ಬೀದಿಯ ಈ ತುದಿಯಿಂದ ಆ ತುದಿಗೆ ಹೋದ ದಿನ, ಅಂಗಡಿ ಸಾಲನ್ನೆಲ್ಲ ಗೆದ್ದು ಬಂದ ಗತ್ತು ಅವಳ ನಡಿಗೆಯಲ್ಲಿರುತ್ತಿತ್ತು. ಎಂಜಲು ಕೈಯಲ್ಲಿ ಕಾಗೆ ಓಡಿಸದವಳು ಎಂದು ನೆರೆಯವರು ಅಂದರೆ ಅನ್ನಲಿ. ಕೂಡಿಡುವುದು ಒಬ್ಬರೇ ಮಾಡಿದರೆ ಜಿಪುಣತನ, ಇಬ್ಬರು ನಗುತ್ತ ಮಾಡಿದರೆ ಸಂಸಾರ ಎಂದು ಅವಳು ನಂಬಿದ್ದಳು.

ಬೆಂಕಿಕಡ್ಡಿಯ ವಿಷಯ ಮಾತ್ರ ಸ್ವಲ್ಪ ಅತಿಯಾಯಿತು. ಹೊಲಿಗೆ ಬಿಚ್ಚುವ ಬ್ಲೇಡಿನಿಂದ ಕಡ್ಡಿಯನ್ನು ತಲೆಯಿಂದ ಬುಡದವರೆಗೆ ಎರಡಾಗಿ ಸೀಳಿದರೆ ಒಂದು ಪೆಟ್ಟಿಗೆ ಎರಡರಷ್ಟು ಬಾಳುತ್ತದೆ. ಕೈ ನಡುಗಬಾರದು ಅಷ್ಟೇ. ಇದನ್ನು ಕೇಳಿ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು, ಆಮೇಲೆ ನಾಚಿಕೆಯಾಯಿತು.

"ಯಾರ ಹತ್ರಾನೂ ಹೇಳಬೇಡಿ ಮತ್ತೆ. ನಗ್ತಾರೆ."

"ನಿನ್ನಾಣೆ, ಹೇಳಲ್ಲ."

ಹೀಗೆ ನಾಲ್ಕು ವರ್ಷ. ಡಬ್ಬಿಯನ್ನು ಅಲುಗಿಸಿದರೆ ಸದ್ದೇ ಬರದಷ್ಟು ಚೀಟಿ ತುಂಬಿತು. ಅಂಗಡಿಯ ಯಜಮಾನಿಗೆ ಕಣ್ಣು ಮಂದವಾಗಿತ್ತು. ಒಂದು ಬುಧವಾರ ಅವಳನ್ನು ಕರೆದು ಹೇಳಿದರು: "ಅಂಗಡಿ ಮುಚ್ತಿದೀನಿ ಕಣಮ್ಮ, ಕಣ್ಣಿನ ಆಪರೇಷನ್ನು ಆಗಬೇಕು. ನೀನು ಕೂರೋ ಮೆಷಿನ್ನಿಗೆ ಶನಿವಾರ ಮಧ್ಯಾಹ್ನ ಗಿರಾಕಿ ಬರ್ತಾನೆ. ಅದಕ್ಕೆ ಮೊದಲು ನೀನು ತಗೊಂಡರೆ ನಿಂದೇ."

ಹನ್ನೊಂದು ವರ್ಷ ಅವಳ ಕಾಲಿಗೆ ಒಗ್ಗಿದ ಮೆಷಿನ್ನು. ಅವಳು ಅರ್ಧ ಓಡುತ್ತಲೇ ಮನೆಗೆ ಬಂದಳು. ಗಂಡ ಮಾತ್ರ ಕುಣಿಯಲಿಲ್ಲ. "ಇನ್ನೂ ತುಂಬಲಿ ಬಿಡು, ಹೊಸದೇ ತಗೊಳ್ಳೋಣ" ಎಂದ. ಗುರುವಾರ ಗರಗಸದ ಬ್ಲೇಡು ಮುರಿದಿದೆ ಎಂದ. ಶುಕ್ರವಾರ ಮರೆತೇಹೋಯಿತು ಎಂದ. ಪಾಪ, ಕೆಲಸದ ಭಾರ ಎಂದುಕೊಂಡಳು. ಶನಿವಾರ ಬೆಳಿಗ್ಗೆ ಅವನು ಹೊರಟ ಮೇಲೆ ಡಬ್ಬಿಯನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ತಾನೇ ಅವನ ವರ್ಕ್‌ಶಾಪಿಗೆ ನಡೆದಳು. ಬಸ್ಸಿನ ದುಡ್ಡು ಉಳಿಯಿತು, ಸಂಜೆಗೆ ಒಂದು ಚೀಟಿಯಾಯಿತು ಎಂಬ ಖುಷಿ ಬೇರೆ.

ವರ್ಕ್‌ಶಾಪಿನಲ್ಲಿ ಅವನಿರಲಿಲ್ಲ. ಅವನ ಜೊತೆ ಕೆಲಸ ಮಾಡುವ ಗಡ್ಡದವನೊಬ್ಬ ಕನ್ನಡಕವನ್ನು ಹಣೆಗೇರಿಸಿ, "ಯಾರು ಬೇಕಿತ್ತು?" ಎಂದ. ಇಂಥವರ ಮನೆಯಾಕೆ ಎಂದು ಹೇಳಿದಳು.

"ಓಹೋ! ಅರ್ಧಕಡ್ಡಿ ಅತ್ತಿಗೆ!"

ಹೇಳಿದವನೇ ನಾಲಿಗೆ ಕಚ್ಚಿಕೊಂಡ. ಹಿಂದಿನಿಂದ ಯಾರೋ ಕಿಸಕ್ಕೆಂದರು.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಕಿವಿಯ ತುದಿಯವರೆಗೆ ಬಿಸಿ ಏರಿತು. ಆ ಮಾತನ್ನು ಅವಳು ಭೂಮಿಯ ಮೇಲೆ ಒಬ್ಬನಿಗೆ ಮಾತ್ರ ಹೇಳಿದ್ದಳು.

"ಬೇಜಾರು ಮಾಡ್ಕೋಬೇಡಿ ಅತ್ತಿಗೆ, ಪ್ರೀತಿಯಿಂದ ಅನ್ನೋದು" ಎಂದು ಗಡ್ಡದವನು ತಡವರಿಸಿದ. "ಅಣ್ಣ ಟೀಗೆ ಹೋಗಿದಾರೆ. ದಿನಾ ಹನ್ನೊಂದಕ್ಕೆ ನಮಗೆಲ್ಲ ಟೀ ತಿಂಡಿ ಅವರದ್ದೇ. ಬೇರೆಯವರಿಗೆ ಜೇಬಿಗೆ ಕೈ ಹಾಕೋಕೇ ಬಿಡಲ್ಲ. ದೊಡ್ಡ ಕೈ. ಆಮೇಲೆ ನಿಮ್ಮ ಕೊಡೆ ಚೀಲದ ಕತೆ, ಕಾಲರಿನ ಕತೆ... ನಗಿಸಿ ನಗಿಸಿ ಸಾಯಿಸ್ತಾರೆ."

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅವಳು ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು. "ಇದನ್ನ ಕತ್ತರಿಸಿ ಕೊಡಿ ಅಣ್ಣಾ. ಕಿಡಿ ಹಾರಿಸಬೇಡಿ, ಒಳಗೆ ಕಾಗದ ಇದೆ."

ಗಡ್ಡದವನು ಗರಗಸ ಹಿಡಿದು ಒಂದು ಅಂಚನ್ನು ಕೈಯಲ್ಲೇ ಕೊಯ್ದ. ತಗಡು ಮಡಿಸಿ ಸುರಿದಾಗ ಬೆಂಚಿನ ಮೇಲೆ ಎರಡು ಬಣ್ಣದ ಚೀಟಿಗಳು ರಾಶಿ ಬಿದ್ದವು. ಅವಳವು ಅಳತೆ ಕತ್ತರಿಸುವ ಕಂದು ಕಾಗದದವು. ಅವನವು ವೆಲ್ಡಿಂಗ್ ಕಡ್ಡಿಯ ಪೊಟ್ಟಣ ಹರಿದ ಹಳದಿಯವು.

ಕಂದು ಚೀಟಿ ಬಿಚ್ಚಿದಳು: ಕ್ಲಿಪ್ಪು, ಒಳಗೆ ನೋಟು. ಬಸ್ಸು, ನೋಟು. ಹಳದಿಯದು ಬಿಚ್ಚಿದಳು: ಟೀ, ಒಳಗೆ ಏನಿಲ್ಲ. ತಿಂಡಿ, ಏನಿಲ್ಲ. ಸಿನಿಮಾ, ಏನಿಲ್ಲ. ಮಾಸಿ ಹೋಗಿದ್ದ ಮೊದಮೊದಲಿನ ಕೆಲವು ಹಳದಿ ಚೀಟಿಗಳಲ್ಲಿ ಮಾತ್ರ ನೋಟಿತ್ತು. ಅಂದರೆ ಶುರುವಿನಲ್ಲಿ ಅವನೂ ನಿಜವಾಗಿಯೇ ಆಡಿದ್ದ. ಅದರಿಂದ ಅವಳಿಗೆ ಇನ್ನೂ ಹೆಚ್ಚು ನೋವಾಯಿತು. ನಡುವೆ ಒಂದು ಹಳದಿ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ 'ಬೂಟು' ಎಂದಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ನಗು ಕೇಳಿಸಿತು. ಇಬ್ಬರ ಹೆಗಲ ಮೇಲೆ ಕೈ ಹಾಕಿಕೊಂಡು ಅವಳ ಗಂಡ ಒಳಗೆ ಬಂದ. ಕಾಲಲ್ಲಿ ಕಂದು ಬೂಟು, ಹಿತ್ತಾಳೆಯ ಕೊಕ್ಕೆ. ಬೆಂಚಿನ ಕೆಳಗೆ ಬಾಯಿಬಿಟ್ಟ ಹಳೆಯ ಜೋಡಿ, ಸಂಜೆ ಮನೆಗೆ ಹೋಗಲಿಕ್ಕೆ, ಅಚ್ಚುಕಟ್ಟಾಗಿ ಕಾಯುತ್ತಿತ್ತು.

ಅವನ ಮುಖ ಇಂಗು ತಿಂದ ಮಂಗನದಾಯಿತು.

"ನೀನು... ಇಲ್ಲಿಗೆ ಯಾಕೆ ಬಂದೆ?"

"ಅಳ್ತಿದ್ದ ಬೂಟನ್ನ ಸಮಾಧಾನ ಮಾಡಿದಿರಿ ಅಲ್ವಾ" ಎಂದಳು. ಯಾರೂ ನಗಲಿಲ್ಲ.

"ಲೇ, ಕೇಳು. ಮುಂದಿನ ತಿಂಗಳಿಂದ ಸೇರಿಸಿ ಹಾಕ್ತಿದ್ದೆ. ಸತ್ಯವಾಗ್ಲೂ. ಒಂದು ಸಲ ಬಿಟ್ಟುಹೋಯ್ತು, ಆಮೇಲೆ ಹೇಳೋಕೆ ಮುಖ ಇರಲಿಲ್ಲ..."

"ದುಡ್ಡಿನ ಮಾತು ಬಿಡಿ. ನನ್ನ ಕಡ್ಡಿಯ ಮಾತನ್ನ ಯಾಕ್ರೀ ಹೇಳಿದಿರಿ?"

ಅವನು ಬೂಟುಕಾಲನ್ನು ಹಿಂದಕ್ಕೆಳೆದುಕೊಂಡ. ಅವಳು ಕಂದು ಚೀಟಿಗಳನ್ನೂ ಆ ಕೆಲವೇ ಹಳದಿ ಚೀಟಿಗಳನ್ನೂ ಟವೆಲಿನಲ್ಲಿ ಕಟ್ಟಿಕೊಂಡು, ಉಳಿದದ್ದನ್ನು ಬೆಂಚಿನ ಮೇಲೇ ಬಿಟ್ಟು ಹೊರಟಳು. ಹೊಲಿಗೆ ಅಂಗಡಿಯ ದಾರಿಯುದ್ದಕ್ಕೂ ಅತ್ತಳು. ನಾಲ್ಕು ವರ್ಷ ಎದುರಿಗೆ ಕೂತು ಜೊತೆಯಲ್ಲಿ ನಗುತ್ತಾನೆ ಎಂದುಕೊಂಡಿದ್ದವನು, ಮರುದಿನ ಹನ್ನೊಂದು ಗಂಟೆಗೆ ಅವಳನ್ನು ನೋಡಿ ನಗುತ್ತಿದ್ದ. ಆ ನಗುವಿಗೆ ಟೀ ತಿಂಡಿ ಕೊಡಿಸುತ್ತಿದ್ದದ್ದು ಅವಳ ಮೆಷಿನ್ನಿನ ಅರ್ಧ ದುಡ್ಡು.

ಯಜಮಾನಿ ಟವೆಲಿನ ಗಂಟು ಬಿಚ್ಚಿ ನೋಟುಗಳನ್ನು ಕಣ್ಣಿನ ಹತ್ತಿರ ಹಿಡಿದು ಎಣಿಸಿದರು. "ಇಷ್ಟಕ್ಕೆ ಮೆಷಿನ್ನು ಮಾತ್ರ ಕೊಡಬಹುದಮ್ಮ. ಕಾಲಲ್ಲಿ ತುಳಿಯೋ ಸ್ಟ್ಯಾಂಡು ಆ ಗಿರಾಕಿಗೆ ಕೊಡ್ತೀನಿ. ನನಗೂ ಆಪರೇಷನ್ ಖರ್ಚಿದೆ. ಕೈಯಲ್ಲಿ ತಿರುಗಿಸೋ ಹಳೇ ಹಿಡಿ ಒಂದಿದೆ, ಹಾಗೇ ತಗೊಂಡು ಹೋಗು."

ಹೊಲಿಯುವವರಿಗೆ ಗೊತ್ತು ಇದರ ಅರ್ಥ. ಕಾಲಲ್ಲಿ ತುಳಿದರೆ ಎರಡು ಕೈಯೂ ಬಟ್ಟೆಗೆ. ಬಲಗೈ ಹಿಡಿ ತಿರುಗಿಸಲಿಕ್ಕೆ ಹೋದರೆ ಉಳಿಯುವುದು ಎಡಗೈ ಒಂದೇ, ದಿನದ ಕೆಲಸ ಅರ್ಧಕ್ಕಿಳಿಯುತ್ತದೆ. ಅವಳು ಹೂಂ ಎಂದಳು. ಕೂಲಿಯವನಿಗೆ ದುಡ್ಡಿರಲಿಲ್ಲ, ತಾನೇ ಹೊತ್ತಳು.

ಮನೆಯಲ್ಲಿ ಮೆಷಿನ್ನು ಇಡಲಿಕ್ಕೆ ಊಟದ ಮೇಜೊಂದೇ ಇತ್ತು. ಇಟ್ಟ ಮೇಲೆ ಎರಡು ತಟ್ಟೆಗೆ ಜಾಗ ಉಳಿಯಲಿಲ್ಲ. ಒಲೆ ಹಚ್ಚಲು ಬೆಂಕಿಪೆಟ್ಟಿಗೆ ತೆಗೆದರೆ ಸೀಳಿದ ಕಡ್ಡಿಗಳು ಸಾಲಾಗಿ ಮಲಗಿದ್ದವು. ಎಷ್ಟು ಚೆಂದ ಸೀಳಿದ್ದೆ ಎಂದು ಮೊನ್ನೆ ತಾನೇ ಹೆಮ್ಮೆಪಟ್ಟಿದ್ದಳು. ಈಗ ಬೆರಳು ಮುಟ್ಟಲಿಕ್ಕೆ ಹಿಂಜರಿಯಿತು. ದುಡ್ಡಾದರೆ ಅರ್ಧ ಉಳಿದಿತ್ತು, ಆ ಸುಖ ಚೂರೂ ಉಳಿದಿರಲಿಲ್ಲ.

ಅವನು ಸಂಜೆ ಹಳೆಯ ಬೂಟಿನಲ್ಲೇ ಬಂದ. ತಾನೇ ತಟ್ಟೆಗೆ ಬಡಿಸಿಕೊಂಡು ಮೇಜಿನ ಹತ್ತಿರ ನಿಂತ. ಕೂರಲಿಕ್ಕೆ ಜಾಗವಿಲ್ಲದ್ದನ್ನು ಕಂಡು ಗೋಡೆಗೊರಗಿದ. ಎರಡು ತುತ್ತು ತಿಂದು, ಮುನಿಸಿಕೊಂಡ ಮಗುವನ್ನು ನಗಿಸುವವನ ದನಿಯಲ್ಲಿ, "ಇವತ್ತು... ಏನು ಕೊಳ್ಳಲಿಲ್ಲ?" ಎಂದ.

ಅವಳು ಕಂದು ಕಾಗದದ ಒಂದು ತುಂಡು ಹರಿದು, ಬರೆದು, ಮಡಿಸಿ ಅವನ ಕೈಯಲ್ಲಿಟ್ಟಳು.

"ಸ್ಟ್ಯಾಂಡು" ಎಂದಳು. "ಬಿಚ್ಚಿ ನೋಡೋದು ಬೇಡ. ನಿಮ್ಮ ಚೀಟಿಗಳ ಹಾಗೇ, ಒಳಗೆ ಏನೂ ಇಲ್ಲ."

ಆಮೇಲೆ ಬಲಗೈಯಲ್ಲಿ ಹಿಡಿ ತಿರುಗಿಸುತ್ತ, ಎಡಗೈ ಒಂದರಲ್ಲೇ ಬಟ್ಟೆಯನ್ನು ನೇರವಾಗಿ ಹಿಡಿದುಕೊಂಡು ಹೊಲಿಯತೊಡಗಿದಳು.