ಉಸಿರಿನ ಧಾತು

ಗೆದಲ್ಯ ಸತ್ತ ಮೂರನೆಯ ದಿನ ಅವನ ಮನೆಗೆ ಹೊರಟಾಗ ನನ್ನ ಜೇಬಿನಲ್ಲಿ ಧರ್ಮಗ್ರಂಥದ ನಾಲ್ಕು ವಚನ ಬರೆದುಕೊಂಡ ಚೀಟಿಯಿತ್ತು. ಕೆಳಗೆ ಎರಡು ಸಾಲು ಕ್ಷಮಾಪಣೆ. ನಲವತ್ತು ವರ್ಷ ಪಾಠ ಹೇಳಿದವನು ನಾನು, ಸಿದ್ಧತೆಯಿಲ್ಲದೆ ನನಗೆ ಅಳಲೂ ಬಾರದು.

ಜೆರುಸಲೇಮಿನ ನಮ್ಮ ಓಣಿಯ ಯೆಹೂದಿ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ನಾವಿಬ್ಬರೂ ಒಂದೇ ಪುಸ್ತಕದ ಮೇಲೆ ಬಗ್ಗಿ ಕಿತ್ತಾಡುತ್ತಿದ್ದೆವು. ಕೊನೆಯ ಜಗಳ ‘ನಹಮ್’ ಎಂಬ ಹೀಬ್ರೂ ಧಾತುವಿನದು. ಸಂತೈಸುವುದು ಎಂದು ಅದರ ಅರ್ಥ, ಮಕ್ಕಳಿಗೂ ಗೊತ್ತು. ಗೆದಲ್ಯ ಒಪ್ಪಲಿಲ್ಲ.

“ಅದು ಆಮೇಲೆ ಬಂದಿದ್ದು ಕಣೋ ಅಜ್ರಿಯೇಲ್. ಮೊದಲು ಅದು ಬರೀ ಉಸಿರು. ಎದೇಲಿ ಕಟ್ಟಿಕೊಂಡಿದ್ದನ್ನ ಹೊರಗೆ ಬಿಡೋದು.”

“ನಿನ್ನ ಉಬ್ಬಸಕ್ಕೂ ಒಂದು ಧಾತು ಬೇಕಾಗಿತ್ತು ನೋಡು,” ಎಂದೆ. ಸುತ್ತ ಇದ್ದವರೆಲ್ಲ ನಕ್ಕರು. ಅವನು ಪುಸ್ತಕ ಮುಚ್ಚಿ ಎದ್ದು ಹೋದ. ಮೂರು ತಿಂಗಳು ಅವನೂ ಸಿನಗಾಗ್‌ಗೆ ಬರಲಿಲ್ಲ, ನಾನೂ ಅವನ ಮನೆಗೆ ಹೋಗಲಿಲ್ಲ.

ಅವನ ಹೆಂಡತಿ ಯೋಖೆವೆದ್ ಗಿಡ್ಡ ಸ್ಟೂಲಿನ ಮೇಲೆ ಕೂತಿದ್ದಳು. ನಮ್ಮ ಪದ್ಧತಿಯಂತೆ ಸಾವಿನ ಮನೆಯಲ್ಲಿ ದುಃಖದಲ್ಲಿರುವವರು ಬಾಯಿ ತೆರೆಯುವವರೆಗೆ ಬಂದವರು ಮಾತಾಡುವಂತಿಲ್ಲ. ಅವಳು ಬಾಯಿ ತೆರೆಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಅರ್ಧ ಗಂಟೆಯಾಯಿತು. ಜೇಬಿನೊಳಗೆ ಚೀಟಿ ಬೆವರಿಗೆ ಮೆತ್ತಗಾಯಿತು. ಎದುರಿಗೆ ಗೆದಲ್ಯನ ಕುರ್ಚಿ, ಅದರ ತೋಳಿನ ಮೇಲೆ ಅವನ ಉಬ್ಬಸದ ಪಂಪು. ಅದನ್ನು ನೋಡಿದ್ದೇ ತಡ, ಎಷ್ಟು ತಡೆದರೂ ನಿಲ್ಲದೆ ದೊಡ್ಡ ನಿಟ್ಟುಸಿರೊಂದು ನನ್ನಿಂದ ಹೊರಬಿತ್ತು. ನಾಚಿಕೆಯಾಯಿತು. ಸ್ವಲ್ಪ ಹೊತ್ತಿಗೆ ಅವಳೂ ಉಸಿರು ಬಿಟ್ಟಳು, ಮೂರು ದಿನದಿಂದ ಹಿಡಿದಿಟ್ಟಿದ್ದಂತೆ.

“ಈ ಮೂರು ತಿಂಗಳೂ ಪ್ರತಿ ಶುಕ್ರವಾರ ಎರಡು ಲೋಟ ಟೀ ಇಡಿಸ್ತಿದ್ರು,” ಎಂದಳು. “ಅಜ್ರಿಯೇಲ್ ಬರ್ತಾನೆ, ‘ನಹಮ್’ ಜಗಳ ಅರ್ಧಕ್ಕೆ ನಿಂತಿದೆ ಅಂತ.”

ಚೀಟಿ ತೆಗೆಯಲಿಲ್ಲ. “ತಪ್ಪು ನನ್ನದಮ್ಮ,” ಎಂದೆ.

“ಅದನ್ನ ಅವರಿಗೆ ಹೇಳಬೇಕಿತ್ತು.”

ಚೀಟಿಯನ್ನು ಜೇಬಿನಲ್ಲೇ ಮುದುಡಿ ಎದ್ದೆ.

ಹೊರಡುವಾಗ ಎಲ್ಲರೂ ಹೇಳಲೇಬೇಕಾದ ಮಾತೊಂದಿದೆ, ದೇವರು ನಿಮ್ಮನ್ನು ಸಂತೈಸಲಿ ಎಂದು. ಅದರಲ್ಲಿರುವುದೂ ಅದೇ ಧಾತು. ಎಷ್ಟೋ ಮನೆಗಳಲ್ಲಿ ಬಾಗಿಲ ಕಡೆ ನಡೆಯುತ್ತಲೇ ಹೇಳಿ ಮುಗಿಸಿದ್ದೇನೆ. ಅವತ್ತು ಆ ಪದದ ಹತ್ತಿರ ಬಂದು ನಿಂತೆ. ಉಸಿರು ಎಳೆದುಕೊಂಡು ನಿಧಾನವಾಗಿ ಹೇಳಿದೆ.

ಯೋಖೆವೆದ್ ಮೊದಲ ಸಲ ತಲೆಯೆತ್ತಿದಳು. “ಯಾರ ಅರ್ಥದಲ್ಲಿ ಹೇಳಿದ್ರಿ?”

“ಗೆದಲ್ಯನ ಅರ್ಥದಲ್ಲಿ.”

ಅವಳು ಖಾಲಿ ಕುರ್ಚಿಯ ಕಡೆ ತಿರುಗಿದಳು.

“ರೀ, ಕೇಳಿಸ್ತಾ?” ಎಂದಳು.