ಬೋರಲು ಹಾಕದ ಬಟ್ಟಲು

ನಾನು ಒಂದು ಸ್ಟೀಲ್ ಬಟ್ಟಲು. ಕಾರ್ಖಾನೆಯ ಯಂತ್ರ ತಗಡನ್ನು ಒಂದೇ ಏಟಿಗೆ ಒತ್ತಿತು, ನಾನು ಹುಟ್ಟಿದೆ. ಲಾಲಿಗೀಲಿ ಯಾರೂ ಹಾಡಲಿಲ್ಲ ಬಿಡಿ. ಮೈಸೂರಿನ ಪುಟ್ಟಗೌರಮ್ಮ ನನ್ನನ್ನು ಕೊಂಡು, ಮಗಳು ಚಂದ್ರಕಲೆಗೆ ಮೊದಲ ತುತ್ತು ಉಣ್ಣಿಸಿದರು. ಆ ಹುಡುಗಿ ನನ್ನನ್ನು ಅದೆಷ್ಟು ಸಲ ನೆಲಕ್ಕೆ ಬಡಿದಳೋ. ಮದುವೆಯಾಗಿ, ತವರಿನಲ್ಲಿ ಸೀಮಂತದ ಬಳೆ ತೊಟ್ಟಾಗಲೂ ಮೊಸರನ್ನ ತಿಂದದ್ದು ನನ್ನಲ್ಲೇ. ಹೆರಿಗೆಯಲ್ಲಿ ಅವಳು ಹೋಗಿಬಿಟ್ಟಳು. ಹೆಣ್ಣು ಕೂಸು ಉಳಿಯಿತು, ಅವಳ ಕೈಯಿಂದ ತೆಗೆದ ಹಸಿರು ಬಳೆಗಳು ಉಳಿದವು.

ಆ ಬಳೆಗಳನ್ನು ಕರಗಿಸಿ ಕೂಸಿಗೊಂದು ಗಾಜಿನ ಬಟ್ಟಲು ಮಾಡಿಸಬೇಕೆಂದು ಪುಟ್ಟಗೌರಮ್ಮ ಹಟ ಹಿಡಿದರು. ಗಾಜಿನ ಕುಲುಮೆ ಇಟ್ಟಿದ್ದ ರೇಷ್ಮಾ ಎಂಬಾಕೆಯ ಬಳಿಗೆ, ಅಚ್ಚಿಗೆಂದು ಮನೆಯ ಬಟ್ಟಲುಗಳನ್ನೆಲ್ಲ ಒಯ್ದರು.

“ಅಲ್ಯೂಮಿನಿಯಂ ಕುಲುಮೆ ಬಿಸಿಗೆ ತಾನೇ ಕರಗಿಬಿಡುತ್ತೆ. ಹಿತ್ತಾಳೆ ಮೈ ಸುಲಿಯುತ್ತೆ. ಸ್ಟೀಲೇ ಸರಿ ಅಮ್ಮ,” ಎಂದಳು ರೇಷ್ಮಾ. ನನಗೆ ಹೆಮ್ಮೆ ಅಂದರೆ ಹೆಮ್ಮೆ.

ಅವಳು ಬಳೆಚೂರುಗಳನ್ನು ಕರಗಿಸಿ ರೊಟ್ಟಿಯಂಥ ಹಸಿರು ಬಿಲ್ಲೆ ಮಾಡಿದಳು. ಗಾಜು ಅಂಟದಿರಲೆಂದು ನನಗೆ ಬಿಳಿ ಜೇಡಿ ಬಳಿದು, ಬಿಲ್ಲೆಯನ್ನು ನನ್ನ ಬೆನ್ನ ಮೇಲಿಡಲೆಂದು ಬೋರಲು ಹಾಕಹೋದಳು. ಪುಟ್ಟಗೌರಮ್ಮ ತಡೆದರು.

“ಬೇಡ ತಾಯಿ. ಉಣ್ಣೋ ಬಟ್ಟಲು ಬೋರಲು ಹಾಕಿದರೆ ಅನ್ನದ ಋಣ ತೀರಿತು ಅಂತ. ನನ್ನ ಮಗಳ ಋಣ ತೀರಿಲ್ಲ. ಒಳಗೇ ಇಡು.”

“ಆರುವಾಗ ಸ್ಟೀಲು ಗಾಜಿಗಿಂತ ಹೆಚ್ಚು ಕುಗ್ಗುತ್ತೆ ಅಮ್ಮ. ಒಳಗಿದ್ರೆ ಹಿಸುಕಿ ಒಡೆದುಹಾಕುತ್ತೆ. ಯಾರೂ ಉಣ್ಣದ ಬೇರೆ ಸ್ಟೀಲ್ ಬಟ್ಟಲನ್ನ ಬೋರಲು ಹಾಕಿ ಮಾಡೋಣ.”

“ಅವಳು ಉಂಡಿದ್ದು ಇದರಲ್ಲಿ. ಇದರಲ್ಲೇ ಆಗಬೇಕು.”

ರೇಷ್ಮಾ ತುಂಬ ಹೇಳಿನೋಡಿದಳು. ಕೊನೆಗೆ ಆ ಮುಖ ನೋಡಲಾರದೆ, ಜೇಡಿಯನ್ನು ಇನ್ನಷ್ಟು ದಪ್ಪ ಬಳಿದು ಬಿಲ್ಲೆಯನ್ನು ಒಳಗೇ ಇಟ್ಟಳು.

ಕುಲುಮೆಯಲ್ಲಿ ಗಾಜು ಮೆತ್ತಗಾಗಿ ನನ್ನೊಳಗೆ ಇಳಿಯಿತು. ಚಂದ್ರಕಲೆಯೇ ಮರಳಿ ಬಂದಳೆಂದು ನನ್ನ ಜೀವಕ್ಕೆ ಎಷ್ಟು ಹಿತವಾಯಿತು. ಬಿಸಿ ಇಳಿಯತೊಡಗಿದಾಗ ನಾನು ಕುಗ್ಗಿದೆ. ಬೇಡ ಬೇಡ ಅಂದುಕೊಂಡರೂ ಮೈ ನನ್ನ ಮಾತು ಕೇಳಲಿಲ್ಲ. ಟಪ್ಪೆಂದು ಸದ್ದಾಯಿತು.

ಬಾಗಿಲು ತೆಗೆದಾಗ ಗಾಜು ಚೂರುಚೂರಾಗಿತ್ತು. “ನಾನು ಒಪ್ಪಬಾರದಿತ್ತು,” ಎಂದು ರೇಷ್ಮಾ ಅತ್ತಳು. ಅಳುವ ಕಣ್ಣು ನನಗೂ ಇದ್ದಿದ್ದರೆ ಎನ್ನಿಸಿತು.

ಪುಟ್ಟಗೌರಮ್ಮ ಕಪ್ಪಿಟ್ಟ ನನ್ನನ್ನು ಮಡಿಲಿಗೆ ತೆಗೆದುಕೊಂಡರು. “ಅಳಬೇಡಮ್ಮ. ಆಸ್ಪತ್ರೇಲಿ ನಾನೂ ಅವಳ ಕೈನ ಹೀಗೇ ಬಿಗಿಯಾಗಿ ಹಿಡ್ಕೊಂಡಿದ್ದೆ. ಎರಡು ಬಳೆ ಒಡೆದಿದ್ದೂ ಗೊತ್ತಾಗಲಿಲ್ಲ.”

ಈಗ ನಾನು ಅವರ ಮನೆಯ ಅಟ್ಟದ ಮೇಲೆ, ಚೂರುಗಳ ಸಮೇತ ಇದ್ದೇನೆ. ಕೆಳಗೆ ಕೂಸು ನಡೆಯಲು ಕಲಿಯುತ್ತಿದೆ. ಪುಟ್ಟಗೌರಮ್ಮ ಅದರ ಕೈ ಹಿಡಿಯುವುದಿಲ್ಲ. ತಮ್ಮ ಒಂದು ಬೆರಳನ್ನಷ್ಟೇ ಚಾಚುತ್ತಾರೆ, ಬೇಕಾದರೆ ಕೂಸೇ ಹಿಡಿದುಕೊಳ್ಳಲಿ ಎಂದು.