ಹಸಿರು ದೀಪ ಉರೀತಿದೆಯಲ್ಲ

ಮೂರನೆಯ ಸಲ ನನ್ನ ಲಿಫ್ಟ್ ಸುಟ್ಟು ಕರಕಲಾದ ಮೇಲೂ ಕಂಪನಿಯ ಹಾರ್ಲನ್ ಹೇಳಿದ್ದು ಅದೇ ಮಾತು.

"ಹಸಿರು ದೀಪ ಉರೀತಿದೆಯಲ್ಲ, ಮಿಸ್ ಝೇಲಿಯ. ಅಂದ್ರೆ ನಮ್ಮ ಪೆಟ್ಟಿಗೆ ಸರಿಯಾಗೇ ಇದೆ."

ಪೆಟ್ಟಿಗೆ ಸರಿಯಾಗಿದೆಯಂತೆ. ಲಿಫ್ಟ್ ಸುಟ್ಟಿದೆ, ಟಿವಿ ಸತ್ತಿದೆ, ಒಲೆಯ ಮೇಲಿನ ಗಡಿಯಾರ ಮೈಮೇಲೆ ದೆವ್ವ ಬಂದ ಹಾಗೆ ಮಿಣುಕುತ್ತಿದೆ, ಪೆಟ್ಟಿಗೆ ಮಾತ್ರ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದೆ.

"ಹಾಗಾದ್ರೆ ಆ ಪೆಟ್ಟಿಗೇನ ಕಾಪಾಡೋಕೆ ಇಡೀ ಮನೆ ಕಟ್ಟಿಕೊಂಡಿದೀವಾ ನಾವು?" ಎಂದು ಕೇಳಿದೆ. ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ.

ಲೂಯಿಸಿಯಾನದ ಈ ತುದಿಯಲ್ಲಿ ನೆಲ ಅಂದರೆ ನೀರು ಇನ್ನೂ ಕೈಹಾಕದ ಜಾಗ, ಅಷ್ಟೆ. ಹಿಂದಿನ ದೊಡ್ಡ ಚಂಡಮಾರುತದಲ್ಲಿ ಅಡುಗೆಮನೆಯ ಕಪಾಟಿನವರೆಗೆ ಕೆಸರು ನುಗ್ಗಿತ್ತು. ಆಮೇಲೆ ಸರ್ಕಾರ ಹಿನ್ನೀರಿನ ದಂಡೆಯ ನಮ್ಮ ಸಾಲುಮನೆಗಳನ್ನೆಲ್ಲ ಎತ್ತಿಸಿತು. ಗುತ್ತಿಗೆ ಹಿಡಿದ ಕಂಪನಿಯವರು ಬಂದು ಮನೆಗಳ ಅಡಿಗೆ ಜಾಕಿ ಕೊಟ್ಟು, ಎರಡಾಳೆತ್ತರದ ಕಂಬಗಳ ಮೇಲೆ ಕೂರಿಸಿ ಹೋದರು. ಮೆಟ್ಟಿಲು ಹತ್ತಲಾರದವರಿಗೆ ಲಿಫ್ಟ್ ಇಟ್ಟರು. ಬೇಸಿಗೆಯಲ್ಲಿ ಇಲ್ಲಿ ದಿನ ಬಿಟ್ಟು ದಿನ ಸಿಡಿಲು. ಅದಕ್ಕಾಗಿ ಇಡೀ ಮನೆಗೆ ಒಂದೇ ಕಾವಲು ಅಂತ ಮೇನ್ ಬೋರ್ಡಿಗೆ ಈ ಪೆಟ್ಟಿಗೆಯನ್ನೂ ಅವರೇ ಜೋಡಿಸಿದರು. ತಂತಿಯಲ್ಲಿ ನುಗ್ಗಿ ಬರುವ ಹೆಚ್ಚಿನ ಕರೆಂಟನ್ನು ಹಿಡಿದು ಮಣ್ಣಿಗೆ ದೂಡುತ್ತದೆ ಅಂತ ಹಾರ್ಲನ್ ಅಂದು ಕೈಯಾಡಿಸಿ ತೋರಿಸಿದ್ದ. ಕಂಪನಿಯ ಕಡೆಯಿಂದ ಮಾರುವವನೂ ಅವನೇ, ದೂರು ಕೇಳುವವನೂ ಅವನೇ.

ನನಗೆ ಇರುವುದು ಒಂದೇ ಕಾಲು. ಇನ್ನೊಂದನ್ನು ತಮ್ಮ ಯುಲಿಸ್‌ನ ಸಿಗಡಿ ದೋಣಿಯ ರಾಟೆಹಗ್ಗ ಎಳೆದುಕೊಂಡಿತು. ಗಾಲಿಕುರ್ಚಿಗೆ ಬಂದ ಮೇಲೆ ನಾನು ಬಲೆ ಹೊಲಿಯುವವಳಾದೆ. ಮನೆಯಡಿಯ ನೆರಳಲ್ಲಿ ಕೂತರೆ ದಂಡೆಯ ಅಷ್ಟೂ ದೋಣಿಗಳ ಹರಿದ ಬಲೆ ನನ್ನ ಮುಂದೆ ಬಂದು ಬೀಳುತ್ತದೆ. ಜೊತೆಗೆ ಅಷ್ಟೂ ಮನೆಗಳ ಸುದ್ದಿ. ಲಿಫ್ಟ್ ನಿಂತರೆ ಕೆಳಗೆ ಬಲೆ, ಮೇಲೆ ನಾನು. ತಿಂಗಳುಗಟ್ಟಲೆ ಹಾಗೆ ಕೂತು ಕಾಗೆ ಎಣಿಸಿದ್ದೇನೆ.

ಎರಡನೆಯ ಸಲ ಸುಟ್ಟಾಗ ಯುಲಿಸ್ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತ. "ಅಕ್ಕ, ಬೆಂಕಿ ಬಿದ್ರೆ ನೀನು ಹೇಗೆ ಇಳೀತೀಯ? ಇನ್ನೊಂದ್ಸಲ ಇದು ಸುಟ್ರೆ ಪೇಟೆಗೆ ಬಂದುಬಿಡಬೇಕು. ಮಾತು ಕೊಡು." ನನ್ನ ಕಾಲು ಹೋದ ದಿನ ರಾಟೆ ತಿರುಗಿಸುತ್ತಿದ್ದವನು ಅವನೇ. ಅವನ ಮುಖ ನೋಡಿ ಇಲ್ಲವೆನ್ನಲು ಬಾಯಿ ಬರಲಿಲ್ಲ. ಮಾತು ಕೊಟ್ಟೆ.

ಪೇಟೆಗೆ ಹೋದವರ ಪಾಡು ನನಗೆ ಗೊತ್ತಿತ್ತು. ಪಕ್ಕದ ಮನೆಯ ಓಝೆಮ್ ನನ್ನ ಜ್ಞಾನಸ್ನಾನದ ದಿನ ನನ್ನನ್ನು ಎತ್ತಿಕೊಂಡು ನಿಂತವನು. ಹಾಗೆ ಎತ್ತಿಕೊಂಡವನನ್ನು ನಾವು ಪರೇನ್ ಅನ್ನುತ್ತೇವೆ. ಅಪ್ಪನಷ್ಟೇ ಹಕ್ಕು, ಅಪ್ಪನಿಗಿಂತ ಸಲಿಗೆ. ಅವನ ಹೆಂಡತಿ ಅಲ್ಫೋನ್ಸಿನ್‌ಗೆ ಹೃದಯ ದುರ್ಬಲ, ಮೆಟ್ಟಿಲು ಹತ್ತುವ ಹಾಗಿಲ್ಲ, ಕಿವಿಯೂ ಮಂದ. ಅವರ ಲಿಫ್ಟ್ ಸುಟ್ಟಾಗಲೂ ಬಂದವನು ಈ ಹಾರ್ಲನ್ನೇ. ಮನೆಯೆಲ್ಲ ಸುತ್ತಿ, ಮೂಲೆಯಲ್ಲಿದ್ದ ದೊಡ್ಡ ಫ್ರೀಜರ್ ತೋರಿಸಿ, "ಇಷ್ಟು ಹಳೇ ಫ್ರೀಜರ್ ಇಟ್ಕೊಂಡ್ರೆ ಇನ್ನೇನಾಗುತ್ತೆ ಸರ್" ಅಂದನಂತೆ. ಸಿಗಡಿ, ಏಡಿ, ಮಕ್ಕಳು ಬಂದರೆ ಬೇಕೆಂದು ಕಾದಿಟ್ಟ ಗಂಬೋ ಸಾರು, ಎಲ್ಲ ಇದ್ದದ್ದು ಅದರೊಳಗೆ. ಪರೇನ್ ಅದನ್ನು ಯಾರಿಗೋ ಎತ್ತಿಕೊಟ್ಟು, ಹೆಂಡತಿಯನ್ನು ಕರೆದುಕೊಂಡು ಪೇಟೆಯ ವೃದ್ಧರ ವಸತಿಗೆ ಹೋದ. ಅಲ್ಲಿ ಕಿಟಕಿಯಿಂದ ಕಾಣುವುದು ಕಾರು ನಿಲ್ಲಿಸುವ ಜಾಗ. ಅಲ್ಫೋನ್ಸಿನ್ ನೀರು ಕಾಣದೆಯೇ ತೀರಿಕೊಂಡಳು. ಮಣ್ಣು ಮಾಡಿದ ದಿನ ಪರೇನ್ ನನ್ನ ಕೈ ಹಿಡಿದು, "ನನ್ನ ಫ್ರೀಜರ್ ಹುಚ್ಚಿಗೆ ಅವಳನ್ನ ದಂಡೆಯಿಂದ ಕಿತ್ತುಕೊಂಡು ಹೋದೆ" ಅಂದ.

ಈಗ ನನ್ನ ಸರದಿ. ಲಿಫ್ಟ್ ಮೂರನೆಯ ಸಲ ಸುಟ್ಟ ವಾರದಲ್ಲೇ ಯುಲಿಸ್ ನನ್ನ ಸಾಮಾನುಗಳನ್ನೆಲ್ಲ ತನ್ನ ಟ್ರಕ್ಕಿಗೆ ತುಂಬಿದ. ಬೆಳಿಗ್ಗೆಯೇ ತೆಂಕಣ ದಿಕ್ಕು ಕಪ್ಪಾಗಿತ್ತು, ಅವನಿಗೆ ಅವಸರ. ಅದೇ ಹೊತ್ತಿಗೆ ಹಾರ್ಲನ್ ಕೂಡ ಬಂದಿದ್ದ. ನಾನು ಕಂಪನಿಗೆ ದಿನಾ ಫೋನ್ ಮಾಡಿ ಬೈದಿದ್ದೆನಲ್ಲ, ಕೊನೆಯ ಸಲ ಪೆಟ್ಟಿಗೆ ನೋಡಿ ಹೋಗಲು ಕಳಿಸಿದ್ದರು. ನೋಡಿದ, ದೀಪದ ಮಾತು ಹೇಳಿದ, ಕೆಳಗಿಳಿದು ಹೋಗಿ ನಮ್ಮವರು ಕೊಟ್ಟ ಕಾಫಿ ಕುಡಿಯುತ್ತ ನಿಂತ.

ನನ್ನನ್ನು ಇಳಿಸುವುದು ಹೇಗೆ? ನಮ್ಮ ಕಡೆ ಭಾರದ್ದೇನೇ ಇರಲಿ, ಎತ್ತುವುದೂ ಇಳಿಸುವುದೂ ದೋಣಿಯ ರಾಟೆಯಿಂದಲೇ. ಯುಲಿಸ್ ದೋಣಿಯನ್ನು ಮನೆಗೆ ಒತ್ತಿ ಕಟ್ಟಿ, ಅದರ ಉದ್ದನೆಯ ತೋಳುಗಂಬವನ್ನು ನನ್ನ ಜಗಲಿಯ ಮೇಲೆ ಚಾಚಿದ. ನಾನು ಗಾಲಿಕುರ್ಚಿ ಸಮೇತ ಸಿಗಡಿ ಬಲೆಯೊಳಗೆ ಕೂತೆ. ಬಲೆ ನಾನೇ ಹೆಣೆದದ್ದು, ಗಂಟುಗಳನ್ನೂ ನಾನೇ ಹಾಕಿದ್ದೆ. ಬೇರೆಯವರ ಗಂಟು ನಂಬುವ ವಯಸ್ಸು ನನಗೆ ದಾಟಿದೆ. ಕಾಲು ತಿಂದ ರಾಟೆಯೇ ಈಗ ನನ್ನನ್ನು ಊರು ಬಿಡಿಸಲು ಕಿರುಗುಟ್ಟತೊಡಗಿತು.

"ಸಂತೆಗೆ ಹೋಗೋ ಹಂದಿ ಥರ ಕಾಣ್ತಿದೀಯ ಝೇಲಿ" ಎಂದು ಕೆಳಗಿನಿಂದ ಯಾರೋ ಕೂಗಿದರು. ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ. ಅವತ್ತು ಅಳು ಕಾಣಬಾರದೆಂದು ಮನೆಯ ಕಡೆಗೆ ಮುಖ ತಿರುಗಿಸಿದೆ.

ಜಗಲಿ ಮೇಲೆ ಸರಿಯಿತು. ಮನೆಯ ಹಲಗೆಯ ಅಂಚು ಸರಿಯಿತು. ಆಮೇಲೆ ಕಣ್ಣಿಗೆ ನೇರ ಬಂದದ್ದು ಮನೆಯನ್ನು ಹೊತ್ತ ತೊಲೆ. ಕಣಜ ಗೂಡು ಕಟ್ಟಬಾರದೆಂದು ನಾವು ಮನೆಯ ಅಡಿಗೆ ತಿಳಿನೀಲಿ ಬಳಿಯುತ್ತೇವೆ. ಮನೆಗಳನ್ನು ಎತ್ತಿದ ವಾರ ಇಡೀ ಸಾಲು ಸೇರಿ ಬಳಿದೆವು, ಪರೇನ್ ಏಣಿಯ ಮೇಲೆ, ನಾನು ಕೆಳಗೆ ಕೂತು ಬಣ್ಣ ಕಲಸುತ್ತ. ಆ ನೀಲಿ ಈಗ ಸಿಪ್ಪೆ ಎದ್ದಿತ್ತು. ಅದರ ನಡುವೆ ತೊಲೆಗೆ ಅಂಟಿಕೊಂಡು ಬೆರಳು ದಪ್ಪದ ಏನೋ ಒಂದು. ತುದಿಯಲ್ಲಿ ಬಣ್ಣ ಉದುರಿ ತಾಮ್ರ ಹಸಿರಾಗಿತ್ತು.

"ನಿಲ್ಲಿಸು" ಎಂದೆ.

"ಅಕ್ಕ, ಮಳೆ ಬರ್ತಿದೆ."

"ನಿಲ್ಲಿಸು ಅಂದೆ ಯುಲಿಸ್."

ರಾಟೆ ನಿಂತಿತು. ನಾನು ಗಾಳಿಯಲ್ಲಿ ತೂಗುತ್ತ ಕೈಚಾಚಿ ಮುಟ್ಟಿದೆ. ತಂತಿ. ಮೇನ್ ಬೋರ್ಡಿನಿಂದ ಇಳಿದುಬಂದ ಅರ್ಥಿಂಗ್ ತಂತಿ. ನನಗೆ ಅದು ಹುಟ್ಟಿದಾಗಿನಿಂದ ಗೊತ್ತು. ಅಂಜೂರದ ಗಿಡದ ಬುಡದಲ್ಲಿ ಹೂತ ಸರಳಿಗೆ ಅದು ಸೇರುತ್ತಿತ್ತು, ಎರಡು ಕಾಲಿದ್ದ ದಿನಗಳಲ್ಲಿ ಆ ಸರಳಿಗೆ ಎಷ್ಟು ಸಲ ಎಡವಿ ಉಗುರು ಕಿತ್ತುಕೊಂಡಿದ್ದೇನೋ. ಮನೆ ಮೇಲೇರುವಾಗ ಅಡ್ಡ ಬರುತ್ತದೆಂದು ತಂತಿಯನ್ನು ಕಡಿದಿದ್ದರು. ಕಡಿದದ್ದಷ್ಟೇ ಅಲ್ಲ, ನೇತಾಡಬಾರದೆಂದು ನೀಟಾಗಿ ಮಡಚಿ, ತೊಲೆಗೆ ಒತ್ತಿ, ಮೊಳೆ ಹೊಡೆದಿದ್ದರು. ಏನೂ ಅರಿಯದ ನಾವು ಅದರ ಮೇಲೆ ಬಣ್ಣ ಬಳಿದು ಅಂದಗಾಣಿಸಿದ್ದೆವು. ಕೆಳಗೆ ನಡೆಯುವವರಿಗೆ ಅದು ಕಾಣುವುದಿಲ್ಲ, ಮೇಲೆ ಮಲಗುವವರಿಗೂ ಕಾಣುವುದಿಲ್ಲ. ಕಾಣಬೇಕಾದರೆ ಹೀಗೆ ನಡುವೆ ನೇತಾಡಬೇಕು.

ನನಗೆ ನಖಶಿಖಾಂತ ಉರಿದುಹೋಯಿತು.

"ಹಾರ್ಲನ್, ಕಾಫಿ ಕೆಳಗಿಡು. ನಿನ್ನ ಪೆಟ್ಟಿಗೆ ಸಿಡಿಲನ್ನ ಎಲ್ಲಿಗೆ ದೂಡುತ್ತೆ ಅಂದಿದ್ದೆ?"

"ಮಣ್ಣಿಗೆ, ಮಿಸ್ ಝೇಲಿಯ."

"ಯಾವ ಮಣ್ಣಿಗೆ? ಬಾ, ತೋರಿಸು. ತಂತಿ ಇಲ್ಲಿ ನನ್ನ ಮೂಗಿನ ಮುಂದಿದೆ. ಮಣ್ಣು ಅಲ್ಲಿ ನಿನ್ನ ಬೂಟಿನ ಕೆಳಗಿದೆ. ಮಧ್ಯೆ ಸಿಡಿಲೇನು ಏಣಿ ಹಾಕ್ಕೊಂಡು ಇಳೀಬೇಕಾ?"

ಏಣಿ ತರಿಸಿದರು. ಅವನು ಹತ್ತಿ ನನ್ನ ಎತ್ತರಕ್ಕೆ ಬಂದು ನೋಡಿದ. ಅವನ ಕಿವಿ ಕೆಂಪಾಯಿತು.

"ಇದರ ಮೇಲೆ ನೀವು ಬಣ್ಣ ಬಳಿದುಬಿಟ್ಟಿದೀರಿ" ಎಂದ. "ಬಳೀದೇ ಇದ್ದಿದ್ರೆ ಯಾರಿಗಾದ್ರೂ ಕಾಣ್ತಿತ್ತು."

"ಬಳಿದೋರು ನಾವು. ಕಡಿದೋರು ಯಾರು? ಮೊಳೆ ಹೊಡೆದೋರು ಯಾರು? ಕಣಜಗಳಾ?"

"ಮನೆ ಎತ್ತೋ ತಂಡ ಬೇರೆ, ಪೆಟ್ಟಿಗೆ ಹಾಕೋ ತಂಡ ಬೇರೆ. ನಾನು ದೀಪ ನೋಡ್ತೀನಿ ಅಷ್ಟೆ."

"ದೀಪ ಏನು ಹೇಳುತ್ತೆ?"

ಅವನು ತಂತಿಯ ತುದಿಯನ್ನೇ ನೋಡುತ್ತ ನಿಂತ. "ಪೆಟ್ಟಿಗೆಯೊಳಗಿನ ಭಾಗ ಕೆಟ್ಟಿಲ್ಲ ಅಂತ ಹೇಳುತ್ತೆ."

"ಮನೆ ಉಳಿಯುತ್ತೆ ಅಂತಲ್ಲ."

"ಅಲ್ಲ."

ಅಂದರೆ ಇಷ್ಟು ದಿನ ನಾವೆಲ್ಲ ರಾತ್ರಿ ಮಲಗುವ ಮುಂಚೆ ಆ ದೀಪಕ್ಕೆ ಒಂದು ನಮಸ್ಕಾರ ಹಾಕಿ ಮಲಗುತ್ತಿದ್ದದ್ದು ದಂಡ. ಕಾವಲಿಗಿಟ್ಟವನು ತಾನು ಬದುಕಿದ್ದೇನೆ ಅಂತಷ್ಟೇ ಕೂಗುತ್ತಿದ್ದ, ಒಳಗೆ ಮನೆ ದೋಚಿಹೋಗಿತ್ತು. ನಮ್ಮನ್ನು ಎಷ್ಟು ಸಸಾರ ಮಾಡಿದ್ದರು ಇವರು. ಎರಡು ಮಾರು ತಂತಿ ಸೇರಿಸಿ ಜೋಡಿಸುವಷ್ಟೂ ನಮ್ಮ ಜೀವಕ್ಕೆ ಬೆಲೆ ಇರಲಿಲ್ಲವಲ್ಲ.

ಯುಲಿಸ್ ಅಷ್ಟರಲ್ಲಿ ಇನ್ನೊಂದು ಏಣಿ ಹೊತ್ತು ಪಕ್ಕದ ಮನೆಗಳಿಗೆ ಓಡಿದ್ದ. ಅವನಿಗೆ ಏನು ಸಿಕ್ಕಿತೆಂದು ಕೇಳಬೇಕಾಗಿರಲಿಲ್ಲ. ಪ್ರತಿ ತೊಲೆಯ ಹತ್ತಿರ ಅವನ ಬೈಗುಳ ಒಂದು ಮೆಟ್ಟಿಲು ಮೇಲೇರುತ್ತಿತ್ತು. ಕೊನೆಗೆ ಪರೇನ್‌ನ ಖಾಲಿ ಮನೆಯಡಿಯಿಂದ ಬೈಗುಳವೂ ಕೇಳಲಿಲ್ಲ. ಅವನು ಬರಿಗೈ ನೇತುಬಿಟ್ಟು ವಾಪಸ್ ನಡೆದುಬಂದ.

"ಅಲ್ಲೂ ಇದೆ ಅಕ್ಕ."

"ಸರಿ, ನನ್ನ ಮೇಲಕ್ಕೆ ಎತ್ತು."

"ನೀನು ಮಾತು ಕೊಟ್ಟಿದ್ದೆ."

"ಮನೆ ಕೆಟ್ಟದ್ದು ಅಂತ ಕೊಟ್ಟಿದ್ದೆ ಕಣೋ. ಕೆಟ್ಟಿದ್ದು ಮನೆಯಲ್ಲ."

ಅವನು ನನ್ನ ಮುಖ ನೋಡಿದ, ಹಾರ್ಲನ್ನಿನ ಮುಖ ನೋಡಿದ, ಹೋಗಿ ರಾಟೆಯನ್ನು ಹಿಂದಕ್ಕೆ ತಿರುಗಿಸಿದ. ಜಗಲಿಗೆ ಬಂದು ಕೂತ ಮೇಲೆ ಕೆಳಗೆ ಬಗ್ಗಿ ಹೇಳಿದೆ. ಹಾರ್ಲನ್ನಿನ ಕಾರಿನ ಹಿಂದೆ ನಿಂತಿರುವುದು ನನ್ನ ಸಾಮಾನಿನ ಟ್ರಕ್ಕು, ಈ ಸಾಲಿನ ತಂತಿಗಳೆಲ್ಲ ಮಣ್ಣು ಸೇರುವವರೆಗೆ ಆ ಟ್ರಕ್ಕು ಅಲುಗುವುದಿಲ್ಲ. ಹಾರ್ಲನ್ ತನ್ನ ಮೇಲಿನವರಿಗೆ ಫೋನ್ ಮಾಡಲು ಶುರು ಮಾಡಿದ. ಮೊದಲು ಮೆಲ್ಲಗೆ ಮಾತಾಡುತ್ತಿದ್ದವನು ಸ್ವಲ್ಪ ಹೊತ್ತಿಗೆ ತಾನೂ ಗಂಟಲೇರಿಸಿದ. ತಂತಿ, ಸರಳು, ಕೆಲಸಗಾರರು, ಇವತ್ತೇ ಬರಬೇಕು ಅನ್ನುತ್ತಿದ್ದ. ಮಧ್ಯಾಹ್ನದೊಳಗೆ ಬರುತ್ತಾರಂತೆ ಎಂದು ತಿಳಿಸಲು ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದಾಗ ನಾನು ಪರೇನ್‌ಗೆ ಫೋನ್ ಹಚ್ಚಿದ್ದೆ.

"ಪರೇನ್, ನಾನು ಝೇಲಿ. ಫ್ರೀಜರ್‌ದು ತಪ್ಪಲ್ಲ."

"ಏನಂದೆ?"

ಎಲ್ಲ ಹೇಳಿದೆ. ತೊಲೆ, ಮೊಳೆ, ನೀಲಿ ಬಣ್ಣ, ಅವನ ಮನೆಯಡಿಯಲ್ಲೂ ಸಿಕ್ಕಿದ್ದು. ಆ ಕಡೆ ಯಾವುದೋ ಟಿವಿಯ ನಗು ಕೇಳಿಸುತ್ತಿತ್ತು, ಆಮೇಲೆ ಅದನ್ನು ಯಾರೋ ಆರಿಸಿದರು.

"ಅಲ್ಫೋನ್ಸಿನ್ ಅವತ್ತೇ ಅಂದಿದ್ಲು" ಎಂದ ಪರೇನ್. "ಮದುವೆಯಾದಾಗಿಂದ ಇರೋ ಫ್ರೀಜರ್ ಇದು, ಇದರಿಂದ ಮನೆ ಎತ್ತಿದ ಮೇಲೇ ಯಾಕೆ ಎಲ್ಲ ಸುಡ್ಬೇಕು ಅಂತ. ಕಂಪನಿಯವನಿಗಿಂತ ನಿನಗೆ ಜಾಸ್ತಿ ಗೊತ್ತಾ, ಬಾಯ್ಮುಚ್ಚು ಅಂದೆ ನಾನು."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಆ ಕಂಪನಿಯವನು ಅಲ್ಲಿದಾನಾ?"

"ನನ್ನ ಮುಂದೇ ನಿಂತಿದಾನೆ."

"ಕೊಡು ಅವನಿಗೆ."

ಹಾರ್ಲನ್ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಹೌದು ಸರ್" ಅಂದ. ಮತ್ತೆ "ಹೌದು ಸರ್, ನಾನೇ ಹೇಳಿದ್ದು" ಅಂದ. ಆಮೇಲೆ ತುಂಬ ಹೊತ್ತು ಕೇಳಿಸಿಕೊಂಡು, ನೆಲ ನೋಡುತ್ತ, "ಇಲ್ಲ ಸರ್. ಫ್ರೀಜರ್‌ದು ತಪ್ಪಲ್ಲ" ಅಂದ.

ಪರೇನ್‌ನ ದನಿ ನನಗೂ ಕೇಳುವಷ್ಟು ಮೇಲಿತ್ತು.

"ಜೋರಾಗಿ ಹೇಳು. ಅವಳಿಗೆ ಕಿವಿ ಮಂದ."

ಹಾರ್ಲನ್ ನನ್ನ ಕಡೆ ನೋಡಿದ. ನಾನು ಕಣ್ಣು ತಗ್ಗಿಸಲಿಲ್ಲ. ಅವನು ಟೋಪಿ ತೆಗೆದು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೆಳಗೆ ಇಡೀ ಸಾಲಿನವರು ತಲೆಯೆತ್ತಿ ನೋಡುತ್ತಿರುವಾಗ, ದನಿಯೆತ್ತಿ ಹೇಳಿದ.

"ಫ್ರೀಜರ್‌ದು ತಪ್ಪಲ್ಲ, ಮಿಸ್ ಅಲ್ಫೋನ್ಸಿನ್. ನೀವು ಹೇಳಿದ್ದು ಸರಿ ಇತ್ತು."